ಪರದೆಯ ಪಕ್ಕದ ಸ್ಟೂಲು

ಚಿತ್ರಮಂದಿರದ ಪರದೆಯ ಪಕ್ಕದಲ್ಲಿ ಒಂದು ಎತ್ತರದ ಸ್ಟೂಲು, ಅದರ ಮುಂದೆ ಒಂದು ಮೈಕು, ಕೆಳಗೆ ಬೆಳಕು ಮೇಲೇರದಂತೆ ತಗಡು ಬಗ್ಗಿಸಿ ಮುಚ್ಚಿದ ಪುಟ್ಟ ದೀಪ. ಅದು ಮೈಕಣ್ಣನ ಜಾಗ. ಇಂಗ್ಲಿಷ್ ಚಿತ್ರಗಳು ಬಂದಾಗ ಅಲ್ಲಿ ಕೂತು ಜನರಿಗೆ ಅರ್ಥ ಹೇಳುವುದು ಅವನ ಕೆಲಸ. ಪರದೆಯ ಮೇಲಿನವರು ಬಾಯಿ ಮುಚ್ಚುವಷ್ಟರಲ್ಲಿ ಅವರ ಮಾತನ್ನು ಇವನು ನಮ್ಮ ಮಾತು ಮಾಡಿ ಮುಗಿಸಿರುತ್ತಿದ್ದ. ನಾಯಕಿಗೆ ತೆಳು ದನಿ, ಖಳನಿಗೆ ಗೊಗ್ಗರು ದನಿ, ಮುದುಕರಿಗೆಲ್ಲ ಒಂದೇ ಕೆಮ್ಮು. ಹುಡುಗನಾಗಿದ್ದಾಗ ಹಡಗುಕಟ್ಟೆಯಲ್ಲಿ ಪೆಟ್ಟಿಗೆ ಹೊರುತ್ತ ಕಲಿತ ಇಂಗ್ಲಿಷು ಮಾತುಗಳಿಗೆ ಸಾಕಾಗುತ್ತಿತ್ತು. ಹಾಡುಗಳಿಗೆ ಸಾಕಾಗುತ್ತಿರಲಿಲ್ಲ. ಹಾಡು ಬಂದರೆ ಹಿಂದುಮುಂದಿನ ಕಥೆ ನೋಡಿಕೊಂಡು ತಾನೇ ಕಟ್ಟಿ ಹೇಳುತ್ತಿದ್ದ. ಅದು ಜನರಿಗೆ ಗೊತ್ತಿರಲಿಲ್ಲ. ಅವರು ಅತ್ತು ಹಗುರಾಗಿ ಮನೆಗೆ ಹೋಗುತ್ತಿದ್ದರು.

ಆ ಕುಣಿತದ ಚಿತ್ರ ಬಂದ ವಾರವೇ ಅವನ ದೊಡ್ಡ ಮಗಳೂ ಒಂದು ಚೀಲ ಹಿಡಿದು ಗಂಡನ ಮನೆಯಿಂದ ಬಂದಳು. ಟೈರು ಅಂಗಡಿ ಇಟ್ಟಿದ್ದ ಅಳಿಯ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವಾಗ ಮನೆಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಅಷ್ಟೆ. ಒಂದು ದಿನ ಸೀಮೆಎಣ್ಣೆ ಸ್ಟೌವು ಭಗ್ಗೆಂದು ಹತ್ತಿಕೊಂಡಿತು. ಅವಳು ಒಳಗಿನಿಂದ ಬಾಗಿಲು ಬಡಿದು ಸೋತು, ಕೊನೆಗೆ ನೆನೆದ ಕಂಬಳಿ ಹೊದಿಸಿ ತಾನೇ ಬೆಂಕಿ ಆರಿಸಿದಳು. ಮೊಣಕೈವರೆಗೆ ಚರ್ಮ ಸುಟ್ಟು ಸುಕ್ಕುಗಟ್ಟಿತು. ಗಂಡ ಮುಲಾಮು ತಂದು ಹಚ್ಚಿದ. ಮರುದಿನ ಮತ್ತೆ ಬೀಗ ಹಾಕಿದ. ಸಂಜೆ ಅವನು ಬೀಗ ತೆಗೆದು ಸ್ನಾನಕ್ಕೆ ಹೋದಾಗ ಅವಳು ಹೊರಟುಬಂದಳು.

ಮೈಕಣ್ಣ ಅವಳ ಕೈ ನೋಡಿದ, ಸಂಕಟಪಟ್ಟ. ಆದರೂ ಅವನ ಲೆಕ್ಕ ಬೇರೆಯಿತ್ತು. ಚಿಕ್ಕ ಮಗಳಿಗೆ ಗಂಡು ನೋಡುತ್ತಿದ್ದರು. ದೊಡ್ಡವಳು ಹೀಗೆ ಬಂದು ಕೂತರೆ ಯಾರು ಮುಂದೆ ಬರುತ್ತಾರೆ? ಅಳಿಯನಿಗೆ ಹೆಂಡತಿಯ ಮೇಲೆ ಜೀವ, ಅದಕ್ಕೇ ಹೀಗೆ, ಮೆಲ್ಲಗೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮಗಳ ಮುಖ ನೋಡಿ ಇದನ್ನು ಹೇಳಲು ಮಾತ್ರ ಬಾಯಿ ಬರಲಿಲ್ಲ. ಅವಳು ಮಧ್ಯಾಹ್ನದ ಆಟಕ್ಕೆ ಬಂದು ಹೆಂಗಸರ ನಡುವೆ ಕೂತಿದ್ದನ್ನು ಕಂಡಾಗ ಅವನಿಗೆ ಒಂದು ದಾರಿ ಹೊಳೆಯಿತು.

ಚಿತ್ರದಲ್ಲಿ ಹಾಡಿ ಕುಣಿಯುವ ಹೆಣ್ಣೊಬ್ಬಳು ಸಾಹುಕಾರನನ್ನು ಮದುವೆಯಾಗುತ್ತಾಳೆ, ಅವನನ್ನು ಬಿಟ್ಟು ಮತ್ತೆ ಕುಣಿಯಲು ಬರುತ್ತಾಳೆ. ಕೊನೆಯಲ್ಲಿ ಗಂಡ ಕರೆದೊಯ್ಯಲು ಬರುತ್ತಾನೆ. ಅವನು ರೈಲಿನ ಬಾಗಿಲಲ್ಲಿ, ಅವಳು ಪ್ಲಾಟ್‌ಫಾರಂ ಮೇಲೆ. ಅವಳದೊಂದು ಉದ್ದನೆಯ ಹಾಡು. ರೈಲು ಅಲುಗುತ್ತದೆ, ಅವಳ ಹೆಜ್ಜೆ ಅಲುಗುತ್ತದೆ, ಹೊಗೆ ಬಂದು ಎಲ್ಲವನ್ನೂ ಮುಚ್ಚುತ್ತದೆ. ಅಲ್ಲಿಗೆ ಚಿತ್ರ ಮುಗಿಯಿತು.

ಆ ಹಾಡಿಗೆ ಮೈಕಣ್ಣ ತನ್ನ ತೆಳು ದನಿಯನ್ನೆಲ್ಲ ಸುರಿದ. "ತಪ್ಪಾಯಿತು ನನ್ನ ದೊರೆಯೇ, ನೀನಿರುವ ಮನೆಯೇ ನನಗೆ ಮನೆ, ಇಗೋ ಬಂದೆ" ಎಂದು ಅವಳನ್ನು ರೈಲು ಹತ್ತಿಸಿಬಿಟ್ಟ. ಕತ್ತಲಲ್ಲಿ ಮೂಗು ಸೀಟುವ ಸದ್ದು ಕೇಳಿತು. ಮಗಳದ್ದೂ ಇರಬಹುದೆಂದುಕೊಂಡ.

ಚಿತ್ರ ಓಡಿತು. ಬೀದಿಯ ತುಂಬ ಅದೇ ಮಾತು. ಬಟ್ಟೆ ಒಗೆಯುವ ನೆರೆಮನೆಯವಳು, ಹೋಗಿದ್ದೇ ಸರಿ, ಕಾಲು ನೋವು ಬಂದ ಮೇಲೆ ಯಾವ ಕುಣಿತ ಅನ್ನ ಹಾಕುತ್ತೆ ಅಂದಳು. ಗುಂಡಿ ಮಾರುವವಳಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಅಷ್ಟು ಚೆಂದ ಕುಣಿಯೋಳು ಹೋಗಿ ಪಾತ್ರೆ ತಿಕ್ತಾಳಾ, ಕಥೆ ಬರೆದೋನು ಗಂಡಸೇ ಇರಬೇಕು ಎಂದು ಅವಳ ವಾದ. ಕ್ಷೌರಿಕನಿಗೆ ಕಥೆಯ ಗೊಡವೆಯೇ ಇರಲಿಲ್ಲ, ಮೆಟ್ಟಿಲ ಮೇಲೆ ಸಾಲಾಗಿ ಕುಣಿಯುವವರ ಕಾಲು ನೋಡಿದರೆ ಕೊಟ್ಟ ಕಾಸು ಬಂತು ಎನ್ನುತ್ತಿದ್ದ. ಬಡಗಿಗೆ ಒಟ್ಟು ಚಿತ್ರವೇ ತಲೆನೋವು. ಬಾಗಿಲು ತೆಗೆಯೋಕೂ ಹಾಡು, ಹಾಕೋಕೂ ಹಾಡು, ಆ ಮನೇಲಿ ಯಾರಿಗಾದ್ರೂ ಹೊಟ್ಟೆನೋವು ಬಂದ್ರೆ ಏನು ಗತಿ ಎಂದು ಕೇಳಿದ. ಕೆಲವರು ಎರಡನೆಯ ಸಲ ನೋಡಿಬಂದು ಹೊಸದಾಗಿ ಜಗಳಕ್ಕೆ ನಿಂತರು. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ಕಿತ್ತಾಡಿದರೇ ಹೊರತು ಅವಳು ಹೋದಳೇ ಎಂದು ಕೇಳಿದವರಿಲ್ಲ. ಮೈಕಣ್ಣ ಹೇಳಿಯಾಗಿತ್ತಲ್ಲ.

ಕೇಳಿದ್ದು ಮಗಳು. ಒಂದು ಸಂಜೆ ತಂದೆ ಕಾಲು ತೊಳೆದು ಒಳಗೆ ಬರುವಾಗ ತಡೆದಳು.

"ಅಪ್ಪ, ಅವಳು ಹೋಗಲ್ಲ."

"ಯಾರು?"

"ಚಿತ್ರದವಳು. ಇವತ್ತು ಕಿವಿಗೆ ಬೆರಳಿಟ್ಕೊಂಡು ನೋಡ್ದೆ. ನಿಮ್ಮ ದನಿ ಇಲ್ದಿದ್ರೆ ಅವಳು ಹೋಗೋದೇ ಇಲ್ಲ."

"ನಿಂಗೇನು ಹಾಡು ಅರ್ಥ ಆಯ್ತಾ?"

"ನಿಮಗೆ ಆಯ್ತಾ?"

ಅವನು ಟವೆಲು ಹುಡುಕಿದ. ಟವೆಲು ಹೆಗಲ ಮೇಲೇ ಇತ್ತು. ಮಗಳು ಅವನನ್ನು ಅಲ್ಲಿಗೇ ಬಿಡಲಿಲ್ಲ. ನೀವು ಒಂದು ಸಲವಾದರೂ ಎದುರಿಗೆ ಕೂತು ನೋಡಿದ್ದೀರಾ ಎಂದು ಕೇಳಿದಳು.

ನೋಡಿರಲಿಲ್ಲ. ಆ ಚಿತ್ರವನ್ನಲ್ಲ, ಯಾವ ಚಿತ್ರವನ್ನೂ. ಸ್ಟೂಲಿನ ಮೇಲಿಂದ ಅವನಿಗೆ ಕಾಣುತ್ತಿದ್ದುದು ಓರೆಯಾದ ಲೋಕ. ಮುಖಗಳು ಚೂಪಾಗಿ ಉದ್ದವಾಗುತ್ತಿದ್ದವು, ನಗು ಅಳುವಿನ ಹಾಗಿರುತ್ತಿತ್ತು, ಮುಂದೆ ಇಟ್ಟ ಹೆಜ್ಜೆಗೂ ಹಿಂದೆ ಇಟ್ಟ ಹೆಜ್ಜೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಊರಿಗೆಲ್ಲ ಕಥೆ ಹೇಳುವವನಿಗೆ ಅಷ್ಟೇ ಕಾಣುತ್ತಿತ್ತು. ಅಷ್ಟು ಸಾಕಾಗುತ್ತಿತ್ತು ಕೂಡ.

ಮರುದಿನ ಬೆಳಿಗ್ಗೆ ಆಪರೇಟರನನ್ನು ಕಾಡಿ ಬೇಡಿ ಕೊನೆಯ ರೀಲು ಹಾಕಿಸಿದ. ಖಾಲಿ ಹಾಲಿನ ನಟ್ಟನಡುವಿನ ಕುರ್ಚಿಯಲ್ಲಿ, ಬೇರೆಯವರ ಮನೆಗೆ ಬಂದವನ ಹಾಗೆ, ತುದಿಯಲ್ಲಿ ಕೂತ. ಹಾಡು ಶುರುವಾಯಿತು. ಅಳು ಎಂದುಕೊಂಡಿದ್ದ ಮುಖ ಅಳುತ್ತಿರಲಿಲ್ಲ. ಅವಳ ಕಣ್ಣು ರೈಲಿನ ಕಡೆಗಿತ್ತು, ಆದರೆ ನೋಡುತ್ತಿದ್ದುದು ರೈಲನ್ನಲ್ಲ, ಅದು ಹೋದ ಮೇಲೆ ಖಾಲಿಯಾಗುವ ಜಾಗವನ್ನು. ಗಂಡ ಕೈ ಚಾಚಿದಾಗ ಅವಳ ಭುಜ ಸಣ್ಣಗೆ ಒಳಕ್ಕೆ ಸರಿಯಿತು. ಬಾಗಿಲ ಚಿಲಕ ಸದ್ದಾದಾಗಲೆಲ್ಲ ಮಗಳ ಭುಜ ಹಾಗೆ ಸರಿಯುವುದನ್ನು ಅವನು ಈ ವಾರವಿಡೀ ಕಂಡಿದ್ದ, ಕಂಡೂ ಸುಮ್ಮನಿದ್ದ. ಹೊಗೆ ಮುಚ್ಚುವ ಮೊದಲು ಅವಳು ಇಟ್ಟ ಹೆಜ್ಜೆ ಹಿಂದಕ್ಕೆ.

ಹಾಡಿನ ಒಂದು ಪದವೂ ಅವನಿಗೆ ಈಗಲೂ ತಿಳಿಯಲಿಲ್ಲ. ಆಪರೇಟರ್ ಮೇಲಿನ ಕಿಂಡಿಯಿಂದ ಇನ್ನೊಮ್ಮೆ ಹಾಕಲಾ ಎಂದು ಕೂಗಿದ. ಬೇಡ ಅಂದ ಮೈಕಣ್ಣ.

ಭಾನುವಾರ ಅಳಿಯ ತನ್ನ ದೊಡ್ಡಪ್ಪನನ್ನು ಕರೆದುಕೊಂಡು ಬಂದ. ಗಲಾಟೆ ಮಾಡಲಿಲ್ಲ, ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಬಂದ. ಮಗಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಮೈಕಣ್ಣನ ಹೆಂಡತಿ ಟೀ ತಂದಿಟ್ಟು, ಅಲ್ಲೇ ಗೋಡೆಗೆ ಒರಗಿ, ಗಂಡನ ಬಾಯನ್ನೇ ನೋಡುತ್ತ ನಿಂತಳು.

"ನಾನು ಹೊಸದಾಗಿ ಏನೂ ಹೇಳಲ್ಲ ಮಾವ," ಎಂದ ಅಳಿಯ. "ನೀವು ಮೈಕಲ್ಲಿ ಹೇಳಿದ್ದೇ ಸಾಕು. ಗಂಡ ಕರೆಯೋಕೆ ಬಂದ, ಹೆಂಡತಿ ಹೋದ್ಲು. ಊರಿಗೆಲ್ಲ ಕೇಳಿಸ್ದೋರು ನೀವೇ. ನಿಮ್ಮ ಮಗಳಿಗೆ ಬೇರೆ ಹೇಳ್ತೀರಾ?"

ದೊಡ್ಡಪ್ಪ ತಲೆದೂಗಿದ. ತಾನೂ ಆ ಆಟಕ್ಕೆ ಹೋಗಿದ್ದಾಗಿ, ಆ ಹಾಡಿಗೆ ಕಣ್ಣಲ್ಲಿ ನೀರು ಬಂದದ್ದಾಗಿ ಹೇಳಿದ.

ಮೈಕಣ್ಣನ ಸುಳ್ಳು ಅವನದೇ ಮನೆಗೆ ಬಂದು, ಟೀ ಕುಡಿಯುತ್ತ, ಮಗಳನ್ನು ಕಳಿಸು ಎಂದು ಕೇಳುತ್ತಿತ್ತು. ನಿಜ ಹೇಳಿದರೆ ಸ್ಟೂಲು ಹೋಗುತ್ತದೆ, ಊರಲ್ಲಿ ಇದ್ದ ಒಂದು ಹೆಸರು ಹೋಗುತ್ತದೆ. ಇದೆಲ್ಲ ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು.

"ಆ ಹಾಡು ನಂಗೆ ಅರ್ಥ ಆಗಲ್ಲ," ಎಂದ. ದನಿ ತೆಳ್ಳಗೂ ಇರಲಿಲ್ಲ, ಗೊಗ್ಗರೂ ಇರಲಿಲ್ಲ. "ಯಾವ ಹಾಡೂ ಆಗಲ್ಲ. ಎಲ್ಲ ನಾನೇ ಕಟ್ಟಿ ಹೇಳ್ತಿದ್ದೆ."

ದೊಡ್ಡಪ್ಪ ಲೋಟ ಕೆಳಗಿಟ್ಟ. "ಹಾಗಾದ್ರೆ ಇಷ್ಟು ವರ್ಷ ನಾವು ಅತ್ತಿದ್ದು?"

"ಅದು ನನ್ನ ಮಾತಿಗೆ."

ಮೈಕಣ್ಣ ಅಳಿಯನ ಕಡೆಗೆ ತಿರುಗಿದ.

"ಅವಳು ಬರಲ್ಲ," ಎಂದ ಮೈಕಣ್ಣ.

"ಯಾರು, ಚಿತ್ರದವಳಾ?" ಅಳಿಯನ ತುಟಿಯಲ್ಲಿ ನಗುವಿತ್ತು.

"ನನ್ನ ಮಗಳು."

ಅಳಿಯನ ನಗು ಹಾಗೇ ಉಳಿಯಿತು, ಮುಖ ಮಾತ್ರ ಬದಲಾಯಿತು. ಅಡುಗೆಮನೆಯ ಕಡೆಗೆ ತಿರುಗಿ, ಎಷ್ಟು ದಿನ ಅಂತ ನೋಡ್ತೀನಿ ಅಂದು ಎದ್ದ. ದೊಡ್ಡಪ್ಪನಿಗೆ ಚಿತ್ರದ ದುಃಖವೇ ದೊಡ್ಡದಾಗಿತ್ತು. ಬೀದಿಯ ತಿರುವು ಮುಟ್ಟುವ ಮೊದಲೇ, ಹಾಡೆಲ್ಲ ಮೈಕಣ್ಣ ಕಟ್ಟಿದ್ದೆಂದು ಇಬ್ಬರಿಗೆ ಹೇಳಿದ.

ಮರುದಿನ ಹಾಡಿನ ಹೊತ್ತಿಗೆ ಹಾಲಿನಲ್ಲಿ ಸಿಳ್ಳೆ ಬಿತ್ತು. ಮೈಕಣ್ಣ, ಇದು ಅವಳ ಹಾಡಾ ನಿಂದಾ ಎಂದು ಯಾರೋ ಕೂಗಿದರು. ಹಾಲೆಲ್ಲ ನಕ್ಕಿತು. ಮಾಲೀಕ ಒಳ್ಳೆಯವನು, ಬೈಯಲಿಲ್ಲ. ಮೈಕು ಬಿಚ್ಚಿಸಿ ಅವನನ್ನು ಗೇಟಿನಲ್ಲಿ ಟಿಕೆಟು ಹರಿಯಲು ನಿಲ್ಲಿಸಿದ. ಚಿತ್ರ ಅರ್ಥ ಹೇಳುವವರಿಲ್ಲದೆ ಇನ್ನೊಂದು ವಾರ ಓಡಿತು. ಈಗ ಬೀದಿಯಲ್ಲಿ ಅವಳು ಹೋದಳೋ ಇಲ್ಲವೋ ಎಂಬುದಕ್ಕೇ ಜಗಳ. ಹೋದಳು ಎನ್ನುವವರೇ ಹೆಚ್ಚು. ಬಟ್ಟೆ ಒಗೆಯುವವಳು ಮೈಕಣ್ಣನ ಮನೆಯವರ ಜೊತೆ ಮಾತು ಬಿಟ್ಟಳು. ಚಿಕ್ಕವಳನ್ನು ನೋಡಲು ಬರುತ್ತೇವೆಂದಿದ್ದವರು ಮತ್ತೆ ಸುದ್ದಿ ಕಳಿಸಲಿಲ್ಲ. ಚಿಕ್ಕವಳು ಅಕ್ಕನ ಮೇಲೆ ಮುನಿಸಿಕೊಂಡಳು. ಅದೂ ತಪ್ಪಲ್ಲ.

ದೊಡ್ಡವಳಿಗೆ ಅಂಗಿಯ ಕಾಲರು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಬೆಳಿಗ್ಗೆ ಮೈಕಣ್ಣ ಅಲ್ಲಿಯವರೆಗೆ ಜೊತೆಗೆ ಹೋಗುತ್ತಾನೆ, ಏಕೆಂದರೆ ಅಳಿಯ ರಸ್ತೆಯ ಆ ಬದಿಯಲ್ಲಿ, ಇವರ ನಡಿಗೆಗೆ ಸರಿಯಾಗಿ ಸೈಕಲ್ ತಳ್ಳುತ್ತ ಬರುತ್ತಾನೆ. ಅವನೇನಾದರೂ ಮೇಲೆ ಬಿದ್ದರೆ ಈ ವಯಸ್ಸಿನಲ್ಲಿ ತನ್ನ ಕೈಲಿ ಏನಾದೀತು ಎಂದು ಮೈಕಣ್ಣನಿಗೇ ಗೊತ್ತಿಲ್ಲ. ಮಗಳು ಆ ಕಡೆ ನೋಡದೆ ಕಾರ್ಖಾನೆಯ ಸುದ್ದಿ ಹೇಳುತ್ತಾಳೆ. ಸೂಜಿ ಹೇಗೆ ಮುರಿಯುತ್ತದೆ, ಮೇಸ್ತ್ರಿ ಹೇಗೆ ಗದರುತ್ತಾನೆ, ಪಕ್ಕದ ಮಷೀನಿನವಳು ಊಟದ ಹೊತ್ತಿಗೆ ಏನು ತಮಾಷೆ ಮಾಡುತ್ತಾಳೆ. ಕೆಲವು ಮಾತು ಅವನಿಗೆ ತಿಳಿಯುವುದಿಲ್ಲ. ಆಗ ಅವನು ಏನೆಂದು ಕೇಳುತ್ತಾನೆ, ಅವಳು ಇನ್ನೊಮ್ಮೆ ಹೇಳುತ್ತಾಳೆ.