ಡಾಕ್ಟರ ಕೋಣೆಯ ಹೊರಗೆ

ಬಹ್ರೇನ್‌ನ ಮನಾಮಾದಲ್ಲಿ ಲಿಫ್ಟ್ ರಿಪೇರಿ ತಂಡವೊಂದಕ್ಕೆ ನಾನು ಸೂಪರ್‌ವೈಸರ್. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನೇ; ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಳೆದ ವರ್ಷ ನಮ್ಮ ತಂಡದ ಉಡುಪಿ ಕಡೆಯ ಟೆಕ್ನಿಷಿಯನ್ ಒಬ್ಬ, ತಾನು ಸರಿಪಡಿಸಿದ ಲಿಫ್ಟಿನ ಬಾಗಿಲನ್ನೇ ಐದಾರು ಸಲ ಪರೀಕ್ಷಿಸತೊಡಗಿದ. ಕೆಲಸ ತಡವಾಗುತ್ತಿತ್ತು. ನಾನು ಎರಡು ಸಲ ಬೈದೆ.

ಮೂರನೆಯ ಸಲ ಬೈಯಲೆಂದೇ ಅವನು ಕೆಲಸಕ್ಕಿದ್ದ ಜುಫೈರ್ ಬಡಾವಣೆಗೆ ಹೋದಾಗ ಅವನು ಕಂಪನಿಯ ವ್ಯಾನಿನಲ್ಲಿ ಮುದುಡಿ ಕೂತಿದ್ದ.

“ಲಿಫ್ಟ್ ಬರುವ ಮೊದ್ಲೇ ಬಾಗಿಲು ತೆರ್ಕೊಂಡು ಯಾರಾದ್ರೂ ಬೀಳ್ತಾರೆ ಅಂತ ಹೆದರಿಕೆ ಸಾರ್. ನಿದ್ದೆಯೇ ಇಲ್ಲ. ಆಫೀಸಿಗೆ ಹೇಳ್ಬೇಡಿ. ಮಂಡೆ ಸರಿ ಇಲ್ಲ ಅಂತ ಊರಿಗೆ ಕಳಿಸ್ತಾರೆ.”

ಬೈಯುವುದನ್ನು ಬಿಟ್ಟು ಅವನ ಪಕ್ಕದಲ್ಲಿ ಕೂತೆ. ಯಾರಿಗೂ ಹೇಳದಿದ್ದ ಸಂಗತಿಯೊಂದನ್ನು ಅವನಿಗೆ ಹೇಳಿದೆ.

“ಕಾಲೇಜಿನ ಮೊದಲ ವರ್ಷ ಇಂಗ್ಲಿಷ್ ಪಾಠ ತಲೆಗೆ ಹತ್ತದೆ ನಾನೂ ಊಟ, ನಿದ್ದೆ ಬಿಟ್ಟವನು ಮಾರಾಯ. ಒಬ್ಬರು ಮೇಷ್ಟ್ರು ಮನಸ್ಸಿನ ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಇಲ್ಲದಿದ್ರೆ ಡಿಗ್ರಿಯೂ ಇರ್ಲಿಲ್ಲ, ನಿನಗೆ ಬೈಲಿಕ್ಕೆ ನಾನೂ ಇರ್ಲಿಲ್ಲ.”

“ನೀವಾ ಸಾರ್? ಸುಮ್ನೆ ಹೇಳ್ತೀರಿ.”

“ಸುಳ್ಳು ಹೇಳಿದ್ರೆ ನನಗೆಂತ ಓವರ್‌ಟೈಮ್ ಸಿಗ್ತದಾ?”

ಡಾಕ್ಟರಿಗೆ ತೋರಿಸಲು, ಆಫೀಸಿಗೆ ಹೇಳಲು ಅವನು ಒಪ್ಪಿದ ಮೇಲೆ ಮ್ಯಾನೇಜರ ಬಳಿ ಇಬ್ಬರೂ ಹೋದೆವು. ಗುಣವಾಗುವವರೆಗೆ ವರ್ಕ್‌ಶಾಪಿನಲ್ಲೇ ಕೆಲಸ ಮಾಡಲಿ, ಊರಿಗೆ ಕಳಿಸುವ ಮಾತೇ ಇಲ್ಲ ಎಂದು ಅವರು ಹೇಳಿದರು. ಅದೇ ಸಂಜೆ ಅವನನ್ನು ಮನೋವೈದ್ಯರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರ ಕೋಣೆಯ ಬಾಗಿಲಲ್ಲಿ ನನ್ನ ತೋಳು ಹಿಡಿದು, “ನೀವು ಹೋಗ್ಬೇಡಿ,” ಎಂದ. ನಾನು ಹೊರಗೆ ಕುರ್ಚಿಯಲ್ಲಿ ಕೂತೆ.

ಮುಕ್ಕಾಲು ಗಂಟೆಯ ಮೇಲೆ ಕಣ್ಣು ಕೆಂಪಗಾಗಿ ಹೊರಬಂದ.

“ಬರುವ ವಾರವೂ ಬರ್ಲಿಕ್ಕೆ ಹೇಳಿದ್ದಾರೆ ಸಾರ್,” ಎಂದ. “ನಾನೊಬ್ಬನೇ ಬಸ್ಸಲ್ಲಿ ಬರ್ತೇನೆ.”