ಪರದಿ ಹಿಂದ ಬಿಚ್ಚಿದ ಉಡಿ

ವಿಮಾನ ನಿಲ್ದಾಣದಾಗ ಹೆಣ್ಣಮಕ್ಕಳ ತಪಾಸಣಿ ಮಾಡೂದು ನನ್ನ ನೌಕರಿ. ಮೈಮ್ಯಾಲ ಕೈ ಆಡಿಸಿದ್ರ ಯಾರಿಗೆ ಸೇರತೈತಿ? ಎಲ್ಲಾರೂ ಮಾರಿ ಗಂಟ ಹಾಕ್ಕೋತಾರ. ಅವತ್ತ ಮೂಡಲಗಿ ಕಡೆಯ ಅಕ್ಕಾರೊಬ್ಬರ ನಡದಾಗ ಸೆರಗಿನ ಗಂಟು ಕೈಗೆ ಹತ್ತಿತು.

"ಏನೈತ್ರಿ ಇದು? ತಗದ ತೋರಸ್ರಿ."

"ತವರಮನ್ಯಾಗ ಅತ್ತಿಗಿ ತುಂಬಿದ ಉಡಿ ಐತವ್ವಾ. ಮಗಳ ಬಾಣಂತನಕ್ಕ ಹೊಂಟೇನಿ, ಆಕಿ ಮನಿ ದೇವರ ಮುಂದನ ಬಿಚ್ಚಬೇಕು. ಇಷ್ಟ ಮಂದ್ಯಾಗ ಬಿಚ್ಚಂದ್ರ ವಿಮಾನನ ಬ್ಯಾಡ, ತಿರುಗಿ ಹೋಗ್ತೇನಿ."

ನಿಯಮ ಬಿಡಾಕ ನನಗ ಬರೂದಿಲ್ಲ, ಉಡಿ ಬಿಚ್ಚಾಕ ಅವರು ತಯಾರಿಲ್ಲ. ನಾನೂ ಆ ಕಡೆ ಹುಕ್ಕೇರಿ ಸೊಸಿ, ಉಡಿ ಅಂದ್ರ ಏನಂತ ಗೊತ್ತು. ಪರದಿ ಹಿಂದ ಕರಕೊಂಡು ಹೋದೆ.

"ನನ್ನ ಒಬ್ಬಾಕಿ ಮುಂದ ಬಿಚ್ರಿ ಅಕ್ಕಾರ. ನೋಡಿ, ನಾನ ತಿರುಗಿ ತುಂಬ್ತೇನಿ."

ಅಕ್ಕಾರು ಗಂಟ ಬಿಚ್ಚಿದ್ರು. ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಒಂದು ಕುಬಸದ ಖಣ. ಎಲ್ಲಾ ನೋಡಿ, ಕೈಗವಸು ಕಳದು, ಪದ್ಧತಿ ಪ್ರಕಾರ ಅವರ ಸೆರಗಿನಾಗ ಹಾಕಿದೆ. ಅಕ್ಕಾರ ಮಾರಿ ಅರಳಿತು. ಅದರಾಗಿಂದನ ಒಂದ ಹಿಡಿ ಅಕ್ಕಿ ತಗದು ನನ್ನ ಪ್ಯಾಂಟಿನ ಕಿಸೇದಾಗ ಸುರದ್ರು.

"ಉಡಿ ತುಂಬಿದಾಕಿ ಬರೇ ಕೈಲೆ ನಿಂದ್ರಬಾರದವ್ವಾ."

ಚಹಾ ಕುಡದು ಒಳಗ ಬರೂವಾಗ ನಮಗೂ ತಪಾಸಣಿ ತಪ್ಪೂದಿಲ್ಲ. ಜೊತಿ ಕೆಲಸದಾಕಿ ನನ್ನ ಕಿಸೆ ಮುಟ್ಟಿ, "ಇದೇನ್ರಿ?" ಅಂದ್ಲು.

"ಪರದಿ ಹಿಂದ ಬರ್ರಿ," ಅಂದೆ. "ಇಷ್ಟ ಮಂದ್ಯಾಗ ತೋರಸೂದಲ್ಲ."