ನೀಲಕ್ಕನ ಮುಖಕ್ಕೊಂದು ಲೆನ್ಸು

ನನಗೆ ಸಿಟ್ಟು ಬರುವುದು ಕಡಿಮೆ ಎಂದು ನಾನು ಯಾರ ಮುಂದಾದರೂ ಹೇಳಿದರೆ ಸಾಕು, ಪಕ್ಕದಲ್ಲಿದ್ದ ನಮ್ಮ ಮನೆಯವರಿಗೆ ಕೆಮ್ಮು ಬರುತ್ತದೆ. ಬರಲಿ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಪಕ್ಕ ನಿಂತು ಆಯುಷ್ಯ ಕಳೆದು ನಿವೃತ್ತರಾದವರು, ಬಿಸಿ ಅವರಿಗೆ ಹೊಸದಲ್ಲ. ಆದರೆ ಹೋದ ವರ್ಷ ಒಂದು ಕ್ಯಾಮೆರಾ ಕೊಂಡು, ಅದಕ್ಕೊಂದು ಲೆನ್ಸು ಆರಿಸುವಷ್ಟರಲ್ಲಿ ನನಗೆ ಬಂದ ಸಿಟ್ಟಿದೆಯಲ್ಲ, ಅದು ಇನ್ನೂ ಪೂರ್ತಿ ಇಳಿದಿಲ್ಲ. ಅದರಲ್ಲಿ ನನ್ನ ತಪ್ಪೆಷ್ಟು, ಲೋಕದ್ದೆಷ್ಟು ಎಂದು ನೀವೇ ಕೇಳಿ ಹೇಳಿ.

ನಮ್ಮ ನೀಲಕ್ಕ, ನನ್ನ ಒಡಹುಟ್ಟಿದ ಅಕ್ಕ, ದೇವದುರ್ಗದಲ್ಲಿರುತ್ತಾಳೆ. ಬ್ಲೌಸ್ ಹೊಲಿಯುತ್ತಾಳೆ. ಅವಳ ಕೈಯ ಹೊಲಿಗೆಯೇ ಬೇಕೆಂದು ಸುತ್ತಲ ಹಳ್ಳಿಗಳಿಂದ ಹೆಂಗಸರು ಬಸ್ಸು ಹತ್ತಿ ಬರುತ್ತಾರೆ. ಮದುವೆಯಾಗಿ ಕೆಲವು ವರ್ಷಕ್ಕೆ ಅವಳಿಗೆ ತೊನ್ನು ಬಂತು. ಮೊದಲು ಬೆರಳ ತುದಿ, ಆಮೇಲೆ ತುಟಿಯ ಅಂಚು, ಆಮೇಲೆ ಕಣ್ಣ ಸುತ್ತ. ಈಗ ಅರ್ಧ ಮುಖ ಬಿಳಿ, ಇನ್ನರ್ಧ ನಮ್ಮಪ್ಪನ ಬಣ್ಣ. ತೊನ್ನು ಅಂಟುವ ರೋಗವಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಇದನ್ನು ಬೋರ್ಡಿನ ಮೇಲೂ ಬರೆದಿದ್ದೇನೆ, ಮದುವೆಮನೆಗಳಲ್ಲಿ ಯಾರೂ ಕೇಳದೆಯೂ ಹೇಳಿದ್ದೇನೆ. ಆದರೂ ನೀಲಕ್ಕ ಹೊಲಿದ ಬ್ಲೌಸನ್ನು ಮೈಗಂಟಿಸಿಕೊಂಡು ಮೆರೆಯುವ ಹೆಂಗಸರೇ ಅವಳು ಕೊಟ್ಟ ಚಹಾವನ್ನು ‘ಈಗರ ಕುಡದು ಬಂದೀವ್ರಿ’ ಎಂದು ಪಕ್ಕಕ್ಕೆ ಸರಿಸುತ್ತಾರೆ. ಬಟ್ಟೆಯಿಂದ ಅಂಟದ್ದು ಚಹಾದ ಬಸಿಯಿಂದ ಹೇಗೆ ಅಂಟುತ್ತದೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.

ನೀಲಕ್ಕನ ಮಗಳು ಸವಿತಾಳ ಮದುವೆ ಮಾನ್ವಿಯಲ್ಲಿ ಆಯಿತು. ಫೋಟೋದವನು ದಿನವಿಡೀ ‘ಅಮ್ಮಾರ, ನೀವು ಒಂಚೂರು ಹಿಂದ ಸರೀರಿ’ ಎನ್ನುತ್ತಲೇ ಇದ್ದ. ಅವಳು ಸರಿಯುತ್ತಲೇ ಇದ್ದಳು. ಸ್ವಲ್ಪ ದಿನಕ್ಕೆ ಆಲ್ಬಂ ಬಂತು, ತೊಡೆಯ ಮೇಲಿಟ್ಟರೆ ಕಾಲು ಜೋಮು ಹಿಡಿಯುವಷ್ಟು ಭಾರದ್ದು. ನೀಲಕ್ಕನ ಮನೆಯಲ್ಲಿ ನಾವಿಬ್ಬರೂ ಕೂತು ಪುಟ ತಿರುವುತ್ತಿದ್ದೆವು. ಒಂದು ಕಡೆ ನೀಲಕ್ಕ ಬೆರಳಿಟ್ಟು ಕೇಳಿದಳು:

“ಸವಿತಾನ ಬಾಜೂಕ ನಿಂತಾಳಲ್ಲ, ಇಕಿ ಯಾರು?”

ನೋಡಿದೆ. ನೀಲಕ್ಕನದೇ ಸೀರೆ, ಅವಳದೇ ಮೂಗುಬೊಟ್ಟು. ಮುಖ ಮಾತ್ರ ಹಣೆಯಿಂದ ಗದ್ದದವರೆಗೆ ಒಂದೇ ಬಣ್ಣ, ಅಂಗಡಿಯ ಗಾಜಿನೊಳಗೆ ಸೀರೆ ಉಟ್ಟು ನಿಂತ ಗೊಂಬೆಯಂತೆ. ಕಂಪ್ಯೂಟರಿನಲ್ಲಿ ಬಳಿದುಬಿಟ್ಟಿದ್ದ.

“ನೀನ ಅಕ್ಕಾ,” ಎಂದೆ.

ಅವಳು ಹೊಲಿಗೆಯ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದಳು. “ಹೌದೇನು? ಭಾಳ ಚಂದ ಅದಾಳ ಬಿಡು,” ಎಂದು ಆಲ್ಬಂ ಮುಚ್ಚಿ ಮಷಿನ್ ಮುಂದೆ ಹೋಗಿ ಕೂತಳು. ಆಮೇಲೆ ಬಹಳ ಹೊತ್ತು ಮಷಿನ್ ನಿಲ್ಲಲಿಲ್ಲ.

ನಾನು ಫೋಟೋದವನಿಗೆ ಫೋನ್ ಮಾಡಿದೆ. “ಯಾರು ಮಾಡು ಅಂದ್ರಪ್ಪಾ ನಿನಗ?” ಎಂದರೆ, “ಅನ್ನಾದೇನದ ಮೇಡಂ, ಚಂದ ಕಾಣಬೇಕಲ್ರಿ. ಅದು ಫ್ರೀ ಸರ್ವಿಸ್ ರೀ,” ಎಂದ. ಮೂಲ ಫೋಟೋಗಳನ್ನಾದರೂ ಕೊಡು ಎಂದರೆ ಅವನ್ನು ಅಳಿಸಿಹಾಕಿದ್ದ. ಅಂದರೆ ಮಗಳ ಮದುವೆಗೆ ತಾಯಿ ಬಂದೇ ಇರಲಿಲ್ಲ ಎಂದು ಸಾಧಿಸುವುದಕ್ಕೆ ಬೇಕಾದ ಪುರಾವೆಯನ್ನೆಲ್ಲ ಆ ಮಹಾನುಭಾವ ಫ್ರೀ ಸರ್ವಿಸ್‌ನಲ್ಲಿ ಒದಗಿಸಿಕೊಟ್ಟಿದ್ದ. ಫೋನಿಟ್ಟು ಅವತ್ತೇ ಮನೆಯವರಿಗೆ ಹೇಳಿದೆ, ನಾನೇ ಕ್ಯಾಮೆರಾ ಕೊಳ್ಳುತ್ತೇನೆ, ನೀಲಕ್ಕನ ಮುಖವನ್ನು ಇದ್ದ ಹಾಗೆ ತೆಗೆಯುತ್ತೇನೆ.

ಮೊಬೈಲ್ ಇಲ್ಲವೇ ಎಂದು ಕೇಳಬೇಡಿ. ನನ್ನ ಮೊಬೈಲೂ ಆ ಫೋಟೋದವನ ತಮ್ಮನೇ. ಎತ್ತಿ ಹಿಡಿದರೆ ಕೇಳದೆಯೇ ಕೆನ್ನೆಗೆ ಪೌಡರ್ ಬಳಿಯುತ್ತದೆ.

ಕ್ಯಾಮೆರಾ ಕೊಳ್ಳುತ್ತೇನೆ ಎಂದದ್ದೇ ತಡ, ಸಲಹೆಗಳ ಸುರಿಮಳೆ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು, “ಉದ್ದನೆ ಲೆನ್ಸ್ ತಗೋರಿ ಮೇಡಂ, ಹಕ್ಕಿ ಹೊಡೀಬಹುದು,” ಎಂದರು. ನನಗೆ ಹಕ್ಕಿ ಬೇಕಿರಲಿಲ್ಲ. ಶಾಲೆ ಬಿಟ್ಟು ಮಾನ್ವಿಯಿಂದ ರಾಯಚೂರಿನ ನಮ್ಮ ಮನೆಗೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನ ಅಪರಿಚಿತರೊಬ್ಬರು ನನ್ನ ಫೋನ್ ಮಾತು ಕೇಳಿಸಿಕೊಂಡು, ಮುಂದೆ ಬಾಗಿ, “ಕ್ಯಾಮೆರಾ ಬಾಡಿ ಎಂಥಾದರ ಇರ್ಲಿ, ಲೆನ್ಸ್‌ನ್ಯಾಗ ಅದ ನೋಡ್ರಿ ಎಲ್ಲಾ,” ಎಂದು ರಾಯಚೂರು ಮುಟ್ಟುವವರೆಗೆ ಉಪದೇಶ ಮಾಡಿದರು. ಅಗಲದ್ದು ತಗೋ, ಗುಡ್ಡ ಬೆಟ್ಟ ಬರುತ್ತವೆ ಎಂದರೊಬ್ಬರು. ಇರುವೆಯ ಕಣ್ಣು ಕಾಣುವಂಥದ್ದು ತಗೋ ಎಂದರು ಇನ್ನೊಬ್ಬರು. ಲೆನ್ಸಿನ ಬಗ್ಗೆ ಇಷ್ಟು ತಿಳಿದ ಊರಿನಲ್ಲಿ ಒಬ್ಬರಾದರೂ ‘ನಿನಗೆ ಯಾರ ಫೋಟೋ ಬೇಕು?’ ಎಂದು ಕೇಳಲಿಲ್ಲ! ಊಟಕ್ಕೆ ಕರೆದವರು ಹಸಿವಿದೆಯೇ ಎಂದು ಕೇಳದೆ ತಟ್ಟೆಯ ಅಳತೆಯನ್ನೇ ಮಾತಾಡಿದಂತಾಯಿತು.

ಮೇಲಾಗಿ ಲೆನ್ಸು ನನಗೆ ಹೊಸ ವಸ್ತುವಲ್ಲ. ನಮ್ಮ ಪಠ್ಯದಲ್ಲಿ ಅದಕ್ಕೆ ಮಸೂರ ಎನ್ನುತ್ತೇವೆ. ಪ್ರತಿ ವರ್ಷ ಮಕ್ಕಳು ‘ಮಸೂರ ಅಂದ್ರ ಬ್ಯಾಳಿ ಅಲ್ಲೇನ್ರಿ ಟೀಚರ್?’ ಎಂದು ನಗುತ್ತಾರೆ. ನಾನು ಹೌದು ಎನ್ನುತ್ತೇನೆ. ಲೆನ್ಸ್ ಎಂಬ ಮಾತೂ ಹಳೆಯ ಲ್ಯಾಟಿನ್ನಿನಲ್ಲಿ ಅದೇ ಬೇಳೆಯ ಹೆಸರು. ನಡುವೆ ಉಬ್ಬಿ ಅಂಚಿಗೆ ತೆಳುವಾದ ಗಾಜನ್ನು ಕಂಡು ಅಲ್ಲಿನವರಿಗೂ ಇಲ್ಲಿನವರಿಗೂ ಅಡುಗೆಮನೆಯೇ ನೆನಪಾಗಿದೆ. ಲೆನ್ಸಿನಿಂದ ಬೆಳಕು ಕೂಡುವ ಬಿಂದುವಿನವರೆಗಿನ ಅಂತರಕ್ಕೆ ಸಂಗಮದೂರ ಎಂದು ಹೆಸರು. ನಮ್ಮ ಕಡೆ ಕೃಷ್ಣೆ ಭೀಮೆ ಕೂಡುವ ಜಾಗಕ್ಕೂ ಸಂಗಮವೇ. ಇಷ್ಟು ಚಂದದ ಮಾತುಗಳನ್ನು ಬಾಯಲ್ಲಿಟ್ಟುಕೊಂಡು ನಾನು ರಾಯಚೂರಿನ ಕ್ಯಾಮೆರಾ ಅಂಗಡಿಗೆ ಹೋದೆ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು.

“ಹೊಸಬರು ಕಲಿಯುವಂಥ ಡಿಎಸ್‌ಎಲ್‌ಆರ್ ತೋರಿಸ್ರಿ,” ಎಂದವಳು ನಾನು. ಅಂಗಡಿಯವರು ಉತ್ತರ ಕೊಟ್ಟದ್ದು ನಮ್ಮ ಮನೆಯವರಿಗೆ. “ನೋಡ್ರಿ ಸರ, ಇದು ನಿಮ್ಮ ಕೈಗೆ ಛಲೋ ಕೂಡ್ತದ.” ಮನುಷ್ಯರ ಮುಖ ತೆಗೆಯುವುದಕ್ಕೆ ಯಾವ ಲೆನ್ಸು ಒಳ್ಳೆಯದು ಎಂದು ನಾನು ಕೇಳಿದೆ. “ಸರ, ಈ ಸೆಟ್ಟಿನ್ಯಾಗ ಎರಡು ಜೂಮ್ ಬರ್ತಾವ. ಸಣ್ಣದು ಮನಿಯೊಳಗ, ಉದ್ದಂದು ಹೊರಗ. ನಿಂತಲ್ಲಿಂದನ ಎಲ್ಲಾ ತೆಗೀಬಹುದು, ಹೆಜ್ಜಿ ಕಿತ್ತಿಡೂದು ಬೇಕಾಗಿಲ್ಲ.” ಇನ್ನೊಂದು ಪ್ರಶ್ನೆ ಕೇಳಿದೆ. ಆಗ ಅವರು ನನ್ನತ್ತ ತಿರುಗಿ, ಬಹಳ ಮರ್ಯಾದೆಯಿಂದ, “ಮೇಡಂ, ನೀವು ಕೂಡ್ರಿ, ಚಾ ತರಸ್ತೀನಿ,” ಎಂದರು. ನಮ್ಮ ಮನೆಯವರಿಗೆ ಕ್ಯಾಮೆರಾದಲ್ಲಿ ಕಣ್ಣಿಡುವ ತೂತು ಯಾವುದೆಂದೂ ಗೊತ್ತಿರಲಿಲ್ಲ. ಅವರು ತೆಗೆದ ನಮ್ಮ ಮನೆಯ ಫೋಟೋಗಳಲ್ಲಿ ಯಾರಿಗೂ ತಲೆಯಿಲ್ಲ. ಅಂಥವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು! ಆ ಸಿಟ್ಟಿನಲ್ಲಿ ಚಹಾ ಕುಡಿದು, ಎರಡು ಜೂಮಿನ ಸೆಟ್ಟನ್ನೇ ಹೊತ್ತು ಮನೆಗೆ ಬಂದೆ.

ಮುಂದಿನ ಭಾನುವಾರ ದೇವದುರ್ಗಕ್ಕೆ ಹೋದೆ. ನೀಲಕ್ಕ ಅಂಗಳದಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಒಳ್ಳೆಯ ಬೆಳಕಿತ್ತು. ಉದ್ದನೆಯ ಲೆನ್ಸು ಹಚ್ಚಿ ಕ್ಯಾಮೆರಾ ಎತ್ತಿದರೆ ಒಳಗೆಲ್ಲ ಮಂಜು. ಆ ಲೆನ್ಸಿನ ಸ್ವಭಾವವೇ ಹಾಗಂತೆ, ತೀರಾ ಹತ್ತಿರ ಇದ್ದದ್ದು ಅದಕ್ಕೆ ಕಾಣುವುದಿಲ್ಲ. ಹಿಂದೆ ಸರಿದೆ. ಇನ್ನೂ ಸರಿದೆ. ಕಾಂಪೌಂಡಿನ ಗೇಟಿಗೆ ಬೆನ್ನು ಹತ್ತುವವರೆಗೆ ಸರಿದು, ಕಳ್ಳನನ್ನು ಕಾಯುವ ಪೊಲೀಸಿನವಳಂತೆ ನಿಂತು ಜೂಮ್ ತಿರುವತೊಡಗಿದೆ.

ನೀಲಕ್ಕ ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು.

“ಅಷ್ಟು ದೂರ ಯಾಕ ಹೋದಿ? ನೀನೂ ನನ್ನ ಸಮೀಪ ಬರಾಕ ಒಲ್ಲೇನು?”

ನಗುತ್ತಲೇ ಹೇಳಿದಳು. ಆದರೆ ಆ ನಗುವಿನ ಹಿಂದೆ ಮುಟ್ಟದೆ ಸರಿಸಿದ ಎಷ್ಟು ಚಹಾದ ಕಪ್ಪುಗಳಿದ್ದವು ಎಂಬುದು ನನಗೆ ಗೊತ್ತಿತ್ತು. ಕೈ ಇಳಿಯಿತು. ಅವತ್ತು ಒಂದು ಫೋಟೋವನ್ನೂ ತೆಗೆಯಲಿಲ್ಲ. ಅವಳ ಪಕ್ಕ ಕೂತು ಹುಕ್ಕು ಹಚ್ಚಿ, ಅವಳ ಕೈಯ ಚಹಾ ಕುಡಿದು ಬಂದೆ. ಬಸ್ಸಿನಲ್ಲಿ ಕೂತಾಗ ಸಿಟ್ಟು ಒಂದೇ ಕಡೆ ನಿಲ್ಲಲೊಲ್ಲದು. ಅಂಗಡಿಯವರ ಮೇಲೆ, ಗಣಿತದ ಮೇಷ್ಟ್ರ ಹಕ್ಕಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಉದ್ದನೆಯ ಲೆನ್ಸಿನ ಮೇಲೆ. ನಿಂತಲ್ಲಿಂದಲೇ ತೆಗೆಯಬಹುದಂತೆ! ನಿಂತಲ್ಲಿಂದ ನೋಡುವವರು ನೀಲಕ್ಕನ ಸುತ್ತ ಕಡಿಮೆ ಇದ್ದರೇ?

ಮರುದಿನವೇ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದೆ, ಮನೆಯವರೂ ಜೊತೆಗೆ ಬಂದರು. “ಈ ಉದ್ದಂದು ವಾಪಸ್ ತಗೋರಿ. ಐವತ್ತರ ಲೆನ್ಸ್ ಕೊಡ್ರಿ, ಜೂಮ್ ಇಲ್ಲದ್ದು.” ರಾತ್ರಿ ಓದಿ ತಿಳಿದುಕೊಂಡಿದ್ದೆ, ಐವತ್ತು ಎಂದರೆ ಸಂಗಮದೂರ ಐವತ್ತು ಮಿಲಿಮೀಟರ್. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣದು. ದೊಡ್ಡ ಬಾಯಿ ತೆರೆದು ಬೆಳಕು ಕುಡಿಯುವುದರಿಂದ ಮನೆಯೊಳಗೆ ಕಿಟಕಿಯ ಬೆಳಕೇ ಸಾಕು, ಫ್ಲ್ಯಾಶ್ ಬೇಡ. ಆದರೆ ಮುಖ ದೊಡ್ಡದಾಗಿ ಬೇಕಾದರೆ ಮನುಷ್ಯರ ಹತ್ತಿರ ನಾವೇ ನಡೆದು ಹೋಗಬೇಕು.

ಅಂಗಡಿಯವರು ಮತ್ತೆ ನಮ್ಮ ಮನೆಯವರತ್ತ ತಿರುಗಿದರು. “ಸರ, ಜೂಮ್ ಇಲ್ಲದ್ದು ತಗೊಂಡು ಏನ್ ಮಾಡ್ತೀರಿ? ನೀವರ ಸ್ವಲ್ಪ ಹೇಳ್ರಿ.”

ನಮ್ಮ ಮನೆಯವರು ಕೆಮ್ಮಲಿಲ್ಲ. “ಕ್ಯಾಮೆರಾ ಅಕೀದು, ಕಣ್ಣು ಅಕೀವು. ಅಕಿನ್ನ ಕೇಳ್ರಿ. ನಾ ಬರೇ ಚೀಲ ಹಿಡಿಯಾಕ ಬಂದೀನಿ,” ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆಡಿದ ಅತಿ ಚಂದದ ಮಾತು ಅದು ಎಂದು ಅವರಿಗೆ ನಾನಿನ್ನೂ ತಿಳಿಸಿಲ್ಲ. ಡಬ್ಬಿ ಒಡೆದಿದ್ದೀರಿ ಎಂದು ಸ್ವಲ್ಪ ಗೊಣಗಿದರೂ ಅಂಗಡಿಯವರು ಕೊನೆಗೆ ಲೆನ್ಸು ಬದಲಿಸಿಕೊಟ್ಟರು. ಈ ಸಲ ನನ್ನ ಕೈಗೇ ಕೊಟ್ಟರು.

ಮತ್ತೆ ದೇವದುರ್ಗ. ನೀಲಕ್ಕನನ್ನು ಪಡಸಾಲೆಯ ಬಾಗಿಲ ಪಕ್ಕ ಕೂರಿಸಿದೆ. ಅವಳು ಅಭ್ಯಾಸಬಲದಿಂದ ಸೆರಗನ್ನು ಕೆನ್ನೆಗೆ ಎಳೆದುಕೊಂಡಳು. ಅವಳ ಮಂಡಿಗೆ ನನ್ನ ಮಂಡಿ ತಾಗುವಷ್ಟು ಹತ್ತಿರ ಕೂತೆ. ಸವಿತಾಳ ಸುದ್ದಿ ಬಂತು, ಹುಕ್ಕಿನ ಸುದ್ದಿ ಬಂತು, ಯಾರದೋ ಬ್ಲೌಸಿನ ತೋಳು ಬಿಗಿಯಾದ ಜಗಳ ಬಂತು. ಜಗಳ ಹೇಳುವಾಗ ನೀಲಕ್ಕನಿಗೆ ಎರಡೂ ಕೈ ಬೇಕು. ಸೆರಗು ತಾನಾಗಿ ಜಾರಿತು. ತೆಗೆದೆ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತೋರಿಸಿದೆ. ಅವಳು ಆ ಫೋಟೋದಲ್ಲಿ ಕಣ್ಣಿನ ಕೆಳಗೆ ಬಿಳಿಯೂ ಕಪ್ಪೂ ಕೂಡುವ ಗೆರೆಯ ಮೇಲೆ ಉಗುರಿನಿಂದ ನಿಧಾನ ಎಳೆದಳು. “ಇಷ್ಟು ಬೆಳದದೇನು ಇದು? ನಾ ಕನ್ನಡ್ಯಾಗ ಇಷ್ಟೊತ್ತು ನೋಡ್ಕೊಂಡೇ ಇಲ್ಲ.” ಇಷ್ಟೆಲ್ಲ ಸಿಟ್ಟು ಮಾಡಿ ಕೊನೆಗೆ ನಾನೇ ಅವಳನ್ನು ನೋಯಿಸಿದೆನೇನೋ ಎನಿಸಿತು.

“ಅಂಚು ನೋಡು,” ಎಂದಳು ನೀಲಕ್ಕ. “ಎಷ್ಟು ನೀಟ್ ಅದ. ಎರಡು ಬಣ್ಣದ ಅರಿವಿ ಕೂಡಿಸಿದ್ರ ನನ್ನ ಕೈಲೂ ಹಿಂಗ ಬರಂಗಿಲ್ಲ.” ಆಮೇಲೆ ಮಷಿನ್ ಕಡೆ ತಿರುಗಿ, “ದೊಡ್ಡದು ಮಾಡಿಸ್ಕೊಂಡು ಬಾ. ಮಷಿನ್ ಮ್ಯಾಲಿನ ಗ್ವಾಡಿಗೆ ಹಾಕ್ತೀನಿ. ಅಳತಿ ಕೊಡಾಕ ಬಂದವರು ಕುಂತು ನೋಡ್ಲಿ,” ಎಂದಳು.

ಅಷ್ಟಕ್ಕೆ ಅವಳು ಬಿಟ್ಟಿದ್ದರೆ ನಾನು ಗೆದ್ದವಳಂತೆ ರಾಯಚೂರಿಗೆ ಬರುತ್ತಿದ್ದೆ. ಬಿಡಲಿಲ್ಲ. “ಇತ್ತ ತಾ, ನಿಂದೊಂದು ತೆಗೀತೀನಿ,” ಎಂದು ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಸೂಜಿಗೆ ದಾರ ಪೋಣಿಸುವಾಗಿನಂತೆ ಒಂದು ಕಣ್ಣು ಮುಚ್ಚಿದಳು. ತಕ್ಷಣ ನನ್ನ ಕೈ ಕಿವಿಯ ಪಕ್ಕದ ನರೆಗೂದಲನ್ನು ಒಳಗೆ ಸೇರಿಸಿತು. ಎರಡನೆಯ ಗದ್ದ ಕಾಣದಿರಲೆಂದು ಕತ್ತು ಮೇಲೆದ್ದಿತು. “ತಡಿ ಅಕ್ಕಾ, ಮುಖ ತೊಳಕೊಂಡು ಬರ್ತೀನಿ,” ಎನ್ನುವಷ್ಟರಲ್ಲಿ ಕ್ಲಿಕ್ಕೆಂದಿತು.

ಪರದೆ ನೋಡಿ ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನೋಡಿದೆ. ನರೆ ಇತ್ತು, ಗದ್ದಗಳೆರಡೂ ಇದ್ದವು, ಬಾಯಿ ಅರ್ಧ ತೆರೆದಿತ್ತು. ಯಾರನ್ನಾದರೂ ಬೈಯಲೇಬೇಕು ಎನಿಸುವಷ್ಟು ಸಿಟ್ಟು ಬಂತು. ಸುತ್ತ ನೋಡಿದೆ. ತೆಗೆದವಳು ನನ್ನಕ್ಕ, ಲೆನ್ಸು ಆರಿಸಿದವಳು ನಾನೇ.